ಜ್ವರ ಬಿಟ್ಟ ಮೇಲೆ ಎಂತ ಕುಡಿಸುವುದು: ಮೊಳಕೆ ರಾಗಿಯಾ, ಹಾರ್ಲಿಕ್ಸಾ, ಗಂಜಿ ತೆಳಿಯಾ?

ಹೋದ ಮಳೆಗಾಲ ಅಮ್ಮನಿಗೆ ಡೆಂಗ್ಯೂ ಆಗಿ ಆರು ದಿನ ಆಸ್ಪತ್ರೆಯಲ್ಲಿ ಮಲಗಿ ಉಡುಪಿಗೆ ಮನೆಗೆ ಬಂದ್ರು ನೋಡಿ, ಆವಾಗ ನಮ್ಮ ಅಡುಗೆಮನೆ ಕಟ್ಟೆ ಮೇಲೆ ಏಳು ಹಾರ್ಲಿಕ್ಸ್ ಬಾಟ್ಲಿ ಸಾಲಾಗಿ ಕೂತಿತ್ತು. ನೋಡ್ಲಿಕ್ಕೆ ಬಂದವರೆಲ್ಲ ತಂದದ್ದು. ನಮ್ಮ ಕಡೆ ಗೊತ್ತುಂಟಲ್ಲ, ಹುಷಾರಿಲ್ಲದವರ ಮನೆಗೆ ಬರಿ ಕೈಯಲ್ಲಿ ಹೋಗ್ಲಿಕ್ಕಿಲ್ಲ, ಒಂದು ಬ್ರೆಡ್, ಎರಡು ಬೊಂಡ (ಎಳನೀರು), ಇಲ್ಲದಿದ್ರೆ ಒಂದು ಹಾರ್ಲಿಕ್ಸ್. ಕುಂದಾಪುರದಿಂದ ದೊಡ್ಡತ್ತೆ ಫೋನು ಮಾಡಿ "ಆ ಬಾಟ್ಲಿದ್ದೆಲ್ಲ ಬೇಡ ಮಾರಾಯ್ತಿ, ರಾಗಿ ಮೊಳಕೆ ಬರ್ಸಿ ಮಾಲ್ಟ್ ಮಾಡಿ ಕೊಡು" ಅಂದ್ರು, ಪಕ್ಕದ ಮನೆ ಅಕ್ಕ ಬಂದು "ಕುಚ್ಚಲಕ್ಕಿ ಗಂಜಿ ತೆಳಿ (ಗಂಜಿಯ ತಿಳಿನೀರು) ಬಿಟ್ರೆ ಬೇರೆ ಎಂತದ್ದೂ ಕೊಡ್ಬೇಡಿ" ಅಂದ್ರು, ಮಂಗಳೂರಲ್ಲಿರುವ ತಮ್ಮ ಆನ್‌ಲೈನಲ್ಲಿ ಎಂತದೋ ಪ್ರೋಟೀನ್ ಡಬ್ಬಿ ಆರ್ಡರ್ ಮಾಡಿ ಆಗಿತ್ತು. ಅಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್ ಬೇರೆ. ಎಲ್ಲರ ಮಾತು ಕೇಳಿ ತಲೆ ಕೆಟ್ಟು, ಮೂರು ವಾರ ಒಂದೊಂದೇ ಮಾಡಿ ನೋಡಿದೆ, ಕೆಲವು ಕಡೆ ತಪ್ಪೂ ಮಾಡಿದೆ. ನಿಮ್ಮ ಮನೆಯಲ್ಲಿ ಯಾರಾದ್ರೂ ಜ್ವರ ಬಿಟ್ಟು ತ್ರಾಣ ಇಲ್ಲದೆ ಕೂತಿದ್ರೆ ಯಾವುದನ್ನು ಯಾವಾಗ ಕೊಡುವುದು ಅಂತ ನನಗೆ ಗೊತ್ತಾದದ್ದು ಇಲ್ಲಿ ಹಾಕ್ತೇನೆ.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಬೇಕು. ನಾವು ರಾಗಿ ಮಾಲ್ಟ್ ರಾಗಿ ಮಾಲ್ಟ್ ಅಂತ ಹೇಳ್ತೇವಲ್ಲ, ಅದರಲ್ಲಿ ಅರ್ಧಕ್ಕರ್ಧ ಮಾಲ್ಟೇ ಅಲ್ಲ. ಬರೀ ರಾಗಿ ಹಿಟ್ಟನ್ನು ನೀರಲ್ಲಿ ಕದಡಿ ಕಾಯಿಸಿದ್ರೆ ಅದು ರಾಗಿ ಗಂಜಿ, ಹೋಟೆಲಿನವರೂ ಅದಕ್ಕೇ ಮಾಲ್ಟ್ ಅಂತ ಬೋರ್ಡು ಹಾಕ್ತಾರೆ. ಮಾಲ್ಟ್ ಅಂದ್ರೆ ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಮುಂದೆ ಬೆಳೆಯದ ಹಾಗೆ ಒಣಗಿಸಿ ಹುಡಿ ಮಾಡಿದ್ದು. ಮೊಳಕೆ ಬರುವಾಗ ಕಾಳಿನ ಒಳಗೆ ಅಮೈಲೇಸ್ ಅಂತ ಒಂದು ಕಿಣ್ವ ಹುಟ್ತದೆ, ಪುಟ್ಟ ಗಿಡಕ್ಕೆ ತಿನ್ಲಿಕ್ಕೆ ಬೇಕಲ್ಲ, ಅದಕ್ಕೆ ಕಾಳಲ್ಲಿರುವ ಪಿಷ್ಟವನ್ನು ತುಂಡು ತುಂಡು ಮಾಡಿ ಮಾಲ್ಟೋಸ್ ಅನ್ನುವ ಸಕ್ಕರೆ ಮಾಡಿಕೊಡುವುದು ಅದರ ಕೆಲಸ. ಗಿಡಕ್ಕೆ ಅಂತ ತಯಾರಾದ ಆ ಕಿಣ್ವವನ್ನು ನಾವು ರೋಗಿಯ ಗ್ಲಾಸಿಗೆ ತಿರುಗಿಸಿಕೊಳ್ತೇವೆ.

ಅದ್ರಿಂದ ಎಂತ ಲಾಭ? ಮನೆಯಲ್ಲೇ ನೋಡಬಹುದು, ನಾನು ನೋಡಿದೆ. ಒಂದು ಗ್ಲಾಸ್ ನೀರಿಗೆ ಸಾದಾ ರಾಗಿ ಹಿಟ್ಟು ಎರಡು ದೊಡ್ಡ ಚಮಚ ಹಾಕಿ ಕಾಯಿಸಿದ್ರೆ ಆಗ್ಲೇ ಗಟ್ಟಿ, ಮೂರನೇ ಚಮಚಕ್ಕೆ ಅಂಟು ಅಂಟಾಗ್ತದೆ, ಕುಡಿಲಿಕ್ಕಾಗುವುದಿಲ್ಲ. ಮೊಳಕೆ ರಾಗಿ ಹುಡಿ ಅಷ್ಟೇ ನೀರಿಗೆ ನಾಲ್ಕು ಚಮಚ ಹಾಕಿ ಸರಿಯಾಗಿ ಕಾಯಿಸಿದ್ರೂ ಇಳಿಯುವ ಹಾಗೆ ಇರ್ತದೆ. ಅಂದ್ರೆ ಒಂದೇ ಗ್ಲಾಸಲ್ಲಿ ಹೆಚ್ಚುಕಮ್ಮಿ ಡಬಲ್ ಆಹಾರ. ಆರೋಗ್ಯವಾಗಿರುವವರಿಗೆ ಇದು ದೊಡ್ಡ ವಿಷಯ ಅಲ್ಲ, ಗಟ್ಟಿ ಮುದ್ದೆ ನುಂಗಿ ಕೆಲಸಕ್ಕೆ ಹೋಗ್ತಾರೆ, ಆದ್ರೆ ಬಾಯಿ ಸಪ್ಪೆಯಾಗಿ ಮೂರು ಗುಟುಕಿಗೆ "ಸಾಕು, ತೆಗೆ" ಅಂತ ಮುಖ ತಿರುಗಿಸುವವರಿಗೆ ಆ ಮೂರು ಗುಟುಕಲ್ಲಿ ಎಷ್ಟು ಒಳಗೆ ಹೋಯ್ತು ಅನ್ನುವುದೇ ಮುಖ್ಯ. ಮಾಲ್ಟಲ್ಲಿ ಮಾಯದ ಶಕ್ತಿ ಎಂತದ್ದೂ ಇಲ್ಲ, ತೆಳ್ಳಗೆ ಇದ್ದುಕೊಂಡು ಹೊಟ್ಟೆ ತುಂಬಿಸ್ತದೆ, ಅದೇ ಅದರ ಜಾಣತನ. ಹಾಗಾಗಿ ಬಾಟ್ಲಿ ಆಗ್ಲಿ ಮನೇದಾಗ್ಲಿ, ರೋಗಿಯ ಗ್ಲಾಸಿಗೆ ಎಂತ ಹಾಕ್ತೇವೋ ಅದನ್ನೆಲ್ಲ ಇದೇ ಲೆಕ್ಕದಲ್ಲಿ ತೂಗಿ ನೋಡಿ ಅಂತ ನನ್ನ ಅಭಿಪ್ರಾಯ.

ಈಗ ಮನೆ ಮಾಲ್ಟ್. ರಾಗಿ ತೊಳೆದು ಕಲ್ಲು ಗಾಳಿಸಿ ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು, ನಮ್ಮ ಸೆಕೆಗೆ ಒಂದು ದಿನಕ್ಕೇ ಬಿಳಿ ಬಾಲ ಕಾಣ್ತದೆ, ಎರಡು ದಿನ ಬಿಟ್ರೆ ಇನ್ನೂ ಒಳ್ಳೆದು, ನಡುವೆ ನೀರು ಚಿಮುಕಿಸ್ತಾ ಇರ್ಬೇಕು. ಆಮೇಲೆ ಬಿಸಿಲಲ್ಲಿ ಗರಿಗರಿ ಒಣಗಿಸಿ, ಗೆರಸೆಯಲ್ಲಿ ಹಾಕಿ ಕೈಯಲ್ಲಿ ತಿಕ್ಕಿ ಬಾಲ ಕೇರಿ ತೆಗೆದು, ಸಣ್ಣ ಉರಿಯಲ್ಲಿ ಒಂಚೂರು ಬೆಚ್ಚಗೆ ಮಾಡಿ ಮಿಲ್ಲಿಗೆ ಕೊಡುವುದು. ಕೇಳ್ಲಿಕ್ಕೆ ಸುಲಭ. ಆದ್ರೆ ಡೆಂಗ್ಯೂ ಬರುವುದು ಮಳೆಗಾಲದಲ್ಲಿ, ಮಲೇರಿಯಾ ಬರುವುದೂ ಮಳೆಗಾಲದಲ್ಲಿ, ಟೈಫಾಯ್ಡೂ ಅವಾಗ್ಲೇ, ಜುಲೈಯಲ್ಲಿ ನಮ್ಮೂರಲ್ಲಿ ಬಿಸಿಲು ಎಲ್ಲಿಂದ ತರುವುದು ಮಾರಾಯ್ರೆ? ನಾನು ಫ್ಯಾನಿನಡಿ ಪೇಪರ್ ಹಾಕಿ ಒಣಗಿಸ್ಲಿಕ್ಕೆ ಹೋಗಿ ಮೊದಲ ಸಲದ ಒಂದು ಕೇಜಿ ರಾಗಿ ಬೂಸ್ಟು ಹಿಡಿದು ಹುಳಿ ವಾಸನೆ ಬಂದು ತೆಂಗಿನ ಬುಡಕ್ಕೆ ಹೋಯ್ತು. ಬೂಸ್ಟು ಬಂದದ್ದನ್ನು ತೊಳೆದು ಹುರಿದು ಬಳಸಬಹುದಾ ಅಂತ ಕೇಳ್ಬೇಡಿ, ಬೇಡ, ಅದೂ ಮೈಯಲ್ಲಿ ತ್ರಾಣ ಇಲ್ಲದವರಿಗೆ ಬೇಡವೇ ಬೇಡ. ದೊಡ್ಡತ್ತೆ ಆಮೇಲೆ ಹೇಳಿದ್ದು, ಅವರ ಅತ್ತೆ ಎಲ್ಲ ಈ ಕೆಲಸ ಮಾರ್ಚ್ ಏಪ್ರಿಲಲ್ಲೇ ಹಪ್ಪಳ ಸಂಡಿಗೆ ಜೊತೆ ಮುಗಿಸಿ ಡಬ್ಬಿಯಲ್ಲಿ ಹಾಕಿ ಇಡ್ತಿದ್ರಂತೆ. ಅದನ್ನು ಮೊದಲೇ ಹೇಳ್ಬೇಕಿತ್ತಲ್ಲ!

ಕಾಯಿಸುವ ಕ್ರಮದಲ್ಲಿ ಹೆಚ್ಚಿನವರು ತಪ್ಪುತ್ತಾರೆ, ನಾನೂ ತಪ್ಪಿದೆ. ಕುದಿಯುವ ನೀರಿಗೆ ಹುಡಿ ಸುರಿದ್ರೆ ಗಂಟೂ ಆಗ್ತದೆ, ಕಿಣ್ವವೂ ಅಲ್ಲೇ ಸಾಯ್ತದೆ, ಮತ್ತೆ ಮೊಳಕೆ ಬರಿಸಿದ ಕಷ್ಟ ಎಲ್ಲ ನೀರಿಗೆ. ತಣ್ಣೀರಲ್ಲಿ ಕದಡಿ, ತೀರ ಸಣ್ಣ ಉರಿಯಲ್ಲಿ ಇಟ್ಟು ಕೈಯಾಡಿಸ್ತಾ ಇರಿ. 60-70 ಡಿಗ್ರಿ ಹತ್ರ ಬರುವಾಗ ಮೊದಲು ಒಂಚೂರು ದಪ್ಪ ಆದ ಹಾಗೆ ಕಂಡು ಆಮೇಲೆ ತನ್ನಿಂದ ತಾನೇ ಸಡಿಲ ಆಗ್ತಾ ಬರ್ತದೆ, ನೋಡ್ಲಿಕ್ಕೆ ಚಂದ ಅದು, ಸಣ್ಣ ಸಿಹಿಯೂ ಬರ್ತದೆ, ಬೆಲ್ಲ ಹಾಕದೇ. ಹಾಗೆ ಒಂದು ಎಂಟು ಹತ್ತು ನಿಮಿಷ ಬಿಟ್ಟು ಆಮೇಲೆ ಉರಿ ಹೆಚ್ಚಿಸಿ ಚೆನ್ನಾಗಿ ಕುದಿಸಿ. ಹುಡಿ ಮಾಡುವ ಮೊದಲು ರಾಗಿಯನ್ನು ಘಮ್ಮಂತ ಬರುವ ಹಾಗೆ ಕೆಂಪಗೆ ಹುರಿದ್ರೂ ಇದೇ ಕಥೆ, ಪರಿಮಳ ಬರ್ತದೆ, ಕಿಣ್ವ ಹೋಗ್ತದೆ. ಎರಡೂ ಬೇಕು ಅಂದ್ರೆ ಮುಕ್ಕಾಲು ಪಾಲು ಹುರಿದು ಕಾಲು ಪಾಲು ಹಾಗೇ ಬಿಟ್ಟು ಒಟ್ಟಿಗೆ ಹುಡಿ ಮಾಡಿಸಿ.

ರಾಗಿಯದ್ದು ಇನ್ನೊಂದು ಪ್ಲಸ್ ಕ್ಯಾಲ್ಸಿಯಂ, 100 ಗ್ರಾಮಿಗೆ ಸುಮಾರು 340ರಿಂದ 360 ಮಿಲಿಗ್ರಾಂ, ಅಕ್ಕಿ ಗೋಧಿ ಅದರ ಹತ್ರ ಸುಳಿಯುವುದಿಲ್ಲ. ಮೊಳಕೆ ಬರಿಸಿದ್ರೆ ಫೈಟೇಟ್ ಅನ್ನುವ, ಖನಿಜಗಳನ್ನು ಮೈಗೆ ಹಿಡಿಯದ ಹಾಗೆ ಕಟ್ಟಿಹಾಕುವ ಅಂಶ ಕಮ್ಮಿಯಾಗಿ ಕಬ್ಬಿಣ, ಸುಣ್ಣದ ಅಂಶ ಮೈಗೆ ಸ್ವಲ್ಪ ಸುಲಭದಲ್ಲಿ ಹಿಡಿಯುತ್ತದೆ. ವಸ್ತ್ರಗಾಳಿ ಮಾಡಿ ನುಣ್ಣಗೆ ಸೋಸಿದ್ರೆ ಕುಡಿಲಿಕ್ಕೆ ಹಿತ, ಆದ್ರೆ ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲೇ, ಸೋಸಿದಷ್ಟೂ ಅದು ಹೋಯ್ತು. ಭೇದಿ ಆದ ಹೊಟ್ಟೆಗೆ ಸೋಸಿ, ಬರೀ ನಿಶ್ಶಕ್ತಿಗೆ ಸೋಸ್ಬೇಡಿ. ನಮ್ಮ ರಾಗಿ ಮಣ್ಣಿ ಉಂಟಲ್ಲ, ನೆನೆಸಿ ರುಬ್ಬಿ ಹಾಲು ತೆಗೆದು ತೆಂಗಿನಹಾಲು ಬೆಲ್ಲ ಹಾಕಿ ಕಾಯಿಸಿ ಬಟ್ಟಲಿಗೆ ಹೊಯ್ಯುವುದು, ಅದು ಬೇರೆ, ಅದರಲ್ಲಿ ಮೊಳಕೆ ಇಲ್ಲ, ತುಪ್ಪ ತೆಂಗಿನಹಾಲು ಇರುವ ಕಾರಣ ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ಪ್ಯಾಕೆಟ್ ರಾಗಿ ಮಾಲ್ಟ್ ಬಗ್ಗೆ ಹೇಳಿದ್ರೆ ಬಿಪಿ ಏರ್ತದೆ. ನನ್ನ ರಾಗಿ ಬೂಸ್ಟು ಹಿಡಿದ ಮೇಲೆ ಪೇಟೆಯ ಒಂದು ಅಂಗಡಿಯಿಂದ ಚಂದದ ಪ್ಯಾಕೆಟ್ ತಂದೆ, ಮುಂದೆ ದೊಡ್ಡದಾಗಿ ಮಾಲ್ಟ್ ಅಂತ ಉಂಟು, ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿದ್ರೆ ಮೊದಲನೇ ಸಾಮಾನೇ ಸಕ್ಕರೆ, ಆಮೇಲೆ ಹುರಿದ ರಾಗಿ ಹಿಟ್ಟು, ಏಲಕ್ಕಿ. ಮೊಳಕೆ ಅನ್ನುವ ಸುದ್ದಿಯೇ ಇಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ಉಂಟೋ ಅದನ್ನೇ ಮೊದಲು ಬರೆಯುವುದು ನಿಯಮ, ಹಾಗಾಗಿ ಮುಂದಿನ ಚಿತ್ರ ಬಿಟ್ಟು ಹಿಂದೆ ನೋಡಿ, ಮೊಳಕೆ ಬರಿಸಿದ ರಾಗಿ ಅಂತಲೋ ಮಾಲ್ಟೆಡ್ ರಾಗಿ ಅಂತಲೋ ಇರ್ಬೇಕು. ಮನೆಗೆ ತಂದ ಮೇಲೆ ಟೆಸ್ಟ್ ಮಾಡ್ಲಿಕ್ಕೂ ಒಂದು ದಾರಿ ಉಂಟು. ಸ್ವಲ್ಪ ಅಕ್ಕಿ ಹಿಟ್ಟಿನ ಗಟ್ಟಿ ಗಂಜಿ ಮಾಡಿ, ಬೆರಳು ತಡೆಯುವಷ್ಟು ಬಿಸಿ ಇರುವಾಗ ಈ ಹುಡಿ ಒಂದು ಚಮಚ ಹಾಕಿ ಕಲಸಿ, ಐದು ಹತ್ತು ನಿಮಿಷದಲ್ಲಿ ಗಂಜಿ ಸಡಿಲ ಆದ್ರೆ ಒಳಗೆ ಜೀವ ಇರುವ ಮಾಲ್ಟ್ ಉಂಟು, ಇನ್ನೂ ಗಟ್ಟಿಯಾದ್ರೆ ಒಂದೋ ಬರೀ ಹಿಟ್ಟು, ಇಲ್ಲದಿದ್ರೆ ಹುರಿದು ಕೊಂದದ್ದು. ನನ್ನ ಪ್ಯಾಕೆಟ್ ಹಾಕಿದಾಗ ಚಮಚ ನೆಟ್ಟಗೆ ನಿಂತಿತು.

ಈ ಟೆಸ್ಟ್ ಮಾಡುವಾಗ್ಲೇ ನನಗೆ ಹೊಳೆದದ್ದು, ಇದನ್ನು ಗಂಜಿಗೇ ಮಾಡಬಹುದಲ್ಲ ಅಂತ. ಕುಚ್ಚಲಕ್ಕಿ ಗಂಜಿಯನ್ನು ಅಗಳು ಸಮೇತ ಮಿಕ್ಸಿಯಲ್ಲಿ ತಿರುಗಿಸಿ, ಹುರಿಯದ ಮೊಳಕೆ ರಾಗಿ ಹುಡಿ ಒಂದು ಚಮಚ ಹಾಕಿ ಬೆಚ್ಚಗೆ ಇಟ್ಟು, ತೆಳ್ಳಗಾದ ಮೇಲೆ ಇನ್ನೊಮ್ಮೆ ಕುದಿಸಿ ಉಪ್ಪು ಹಾಕಿ ಕೊಟ್ಟೆ. ಆಮೇಲೆ ಗೊತ್ತಾಯ್ತು, ಮಕ್ಕಳ ಗಂಜಿ ತೆಳ್ಳಗೆ ಮಾಡ್ಲಿಕ್ಕೆ ಮೊಳಕೆ ಹಿಟ್ಟು ಚಿಟಿಕೆ ಹಾಕುವುದರ ಬಗ್ಗೆ ನಮ್ಮ ದೇಶದಲ್ಲಿ ಬೇಕಾದಷ್ಟು ಕೆಲಸ ಆಗಿದೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ರಾಗಿ ಮಾಲ್ಟಿಂಗ್ ಬಗ್ಗೆ ಸಂಶೋಧನೆಯೇ ನಡೆದಿದೆ. ನನ್ನದೇನೂ ಹೊಸತಲ್ಲ ಬಿಡಿ. ಆದ್ರೆ ಅಮ್ಮನಿಗೆ ಎಲ್ಲದರಲ್ಲೂ ಹೆಚ್ಚು ಇಷ್ಟ ಆದದ್ದು ಇದೇ, ಯಾಕಂದ್ರೆ ಬಾಯಿಗೆ ಗಂಜಿಯದ್ದೇ ರುಚಿ, ಮಿಡಿ ಉಪ್ಪಿನಕಾಯಿಯ ರಸ ಒಂದು ಬೊಟ್ಟು ನೆಕ್ಕಲಿಕ್ಕೂ ಆಗ್ತದೆ.

ಹಾರ್ಲಿಕ್ಸಿಗೆ ಬರುವಾ. ಅದನ್ನು ಸುಮ್ಮನೆ ಬೈಯುವವರ ಪಾರ್ಟಿ ನಾನಲ್ಲ. ಅದು ನಿಜವಾದ ಮಾಲ್ಟೇ, ಬಾರ್ಲಿ ಮೊಳಕೆ ಬರಿಸಿ ಗೋಧಿ ಹಿಟ್ಟಿನ ಜೊತೆ ಬೇಯಿಸಿ ಪಿಷ್ಟ ಒಡೆದ ಮೇಲೆ ಹಾಲು ಸೇರಿಸಿ ಒಣಗಿಸಿದ್ದು. ಇಂಗ್ಲೆಂಡಿನ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಅನ್ನುವ ಅಣ್ಣತಮ್ಮ ಅಮೆರಿಕಕ್ಕೆ ಹೋಗಿ 1873ರಲ್ಲಿ ಶಿಕಾಗೋದಲ್ಲಿ ಶುರು ಮಾಡಿದ್ದು, 1883ರಲ್ಲಿ ಪೇಟೆಂಟು, ಅವರು ಮಾರಿದ್ದೇ ಶಿಶುಗಳಿಗೆ ಮತ್ತು ಕಾಯಿಲೆಯವರಿಗೆ ಅಂತ. ಅದಕ್ಕೂ ಮೊದಲು 1860ರ ದಶಕದಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗೋಧಿ ಹಿಟ್ಟು, ಮಾಲ್ಟ್ ಹಿಟ್ಟು, ಹಸುವಿನ ಹಾಲು ಸೇರಿಸಿ ಮಕ್ಕಳ ಆಹಾರ ಮಾಡಿದ್ದ. ಮೊದಲ ಮಹಾಯುದ್ಧ ಮುಗಿಸಿ ಬಂದ ಸಿಪಾಯಿಗಳ ಜೊತೆ ಹಾರ್ಲಿಕ್ಸ್ ನಮ್ಮ ದೇಶಕ್ಕೆ ಬಂತು ಅಂತ ಹೇಳ್ತಾರೆ, ಆಮೇಲೆ ಪಂಜಾಬಿನ ನಾಭಾದಲ್ಲಿ ಫ್ಯಾಕ್ಟರಿಯೇ ಆಯ್ತು. ಅಂದ್ರೆ ಆಸ್ಪತ್ರೆ ಮಂಚದ ಪಕ್ಕ ಆ ಬಾಟ್ಲಿ ಕೂತದ್ದು ಸುಮ್ಮನೆ ಅಲ್ಲ, ಅದರ ಹುಟ್ಟೇ ಅಲ್ಲಿ.

ಅದರ ದೊಡ್ಡ ಅನುಕೂಲ ಎಂತ ಅಂದ್ರೆ ಕೆಲಸ ಎಲ್ಲ ಫ್ಯಾಕ್ಟರಿಯಲ್ಲೇ ಆಗಿದೆ, ಬಿಸಿ ಹಾಲಿಗೆ ಹಾಕಿ ತಿರುಗಿಸಿದ್ರೆ ಆಯ್ತು, ರಾತ್ರಿ ಎರಡು ಗಂಟೆಗೆ ರೋಗಿಗೆ ಹಸಿವಾದ್ರೂ ಕೊಡಬಹುದು. ವಿಟಮಿನ್ನುಗಳನ್ನೂ ಹೊರಗಿಂದ ಸೇರಿಸಿರ್ತಾರೆ. ಅಡ್ಡಿ ಎಂತ ಅಂದ್ರೆ ಸೇರಿಸಿದ ಸಕ್ಕರೆ, ಮತ್ತೆ ಗೋಧಿ ಬಾರ್ಲಿ ಎರಡರಲ್ಲೂ ಗ್ಲುಟೆನ್ ಅನ್ನುವ ಪ್ರೋಟೀನ್ ಇರುವ ಕಾರಣ ಸೀಲಿಯಾಕ್, ಅಂದ್ರೆ ಗ್ಲುಟೆನ್ ತಿಂದ್ರೆ ಕರುಳು ಕೆಡುವ ಕಾಯಿಲೆ, ಇದ್ದವರಿಗೆ ಆಗುವುದಿಲ್ಲ, ಅಂಥವರಿಗೆ ರಾಗಿಯೇ. 2024ರ ಏಪ್ರಿಲಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೀರಿ ಅಂತ ಹೇಳಿತು, 2006ರ ಆಹಾರ ಸುರಕ್ಷತೆ ಕಾನೂನಲ್ಲಿ ಹೆಲ್ತ್ ಡ್ರಿಂಕ್ ಅಂತ ಒಂದು ಜಾತಿಯೇ ಇಲ್ಲವಂತೆ, ಅದೇ ತಿಂಗಳು ಹಾರ್ಲಿಕ್ಸಿನ ಕಂಪನಿಯೂ ಅದರ ವಿಭಾಗದ ಹೆಸರಿನಿಂದ ಹೆಲ್ತ್ ಅನ್ನುವುದನ್ನು ತೆಗೆಯಿತು. ನನಗೆ ಅನಿಸಿದ್ದು, ಎರಡು ಚಮಚ ಹುಡಿಯಿಂದ ಬರುವ ಪ್ರೋಟೀನಿಗಿಂತ ಅದನ್ನು ಹಾಕಿದ ಹಾಲಿನಿಂದ ಬರುವುದೇ ಹೆಚ್ಚು, 200 ಎಂಎಲ್ ಹಾಲಲ್ಲಿ ಸುಮಾರು 6 ಗ್ರಾಂ. ಹಾರ್ಲಿಕ್ಸ್ ಪರಿಮಳದ ಆಸೆಗೆ ಒಂದು ಗ್ಲಾಸ್ ಹಾಲು ಹೊಟ್ಟೆಗೆ ಹೋಯ್ತಲ್ಲ, ಅದು ಲಾಭ. ನೀರಲ್ಲಿ ಕದಡಿ ಕೊಟ್ರೆ ಆ ಲಾಭ ಇಲ್ಲ. ಅಂಗಡಿಯ ಬೂಸ್ಟ್, ಬೋರ್ನ್‌ವಿಟಾ ಡಬ್ಬಿಗಳು ಕೋಕೋ ಹಾಕಿದ ಇದರದ್ದೇ ಬಳಗ, ಬಾಯಿ ಸರಿಯಾದ ಮಕ್ಕಳಿಗೆ ಇರ್ಲಿ.

ಬಾರ್ಲಿ ನೀರಿನ ಗೊಂದಲ ಒಂದು ಉಂಟು. ಮೂತ್ರ ಉರಿಗೆ ಅಂತ ಬಾರ್ಲಿ ಬೇಯಿಸಿ ನೀರು ಕುಡಿಸ್ತಾರಲ್ಲ, ಅದು ಮೊಳಕೆ ಬರಿಸದ ಬಾರ್ಲಿ, ಮಾಲ್ಟಿಗೂ ಅದಕ್ಕೂ ಸಂಬಂಧ ಇಲ್ಲ. ನೀರು ಹೊಟ್ಟೆಗೆ ಹೋಗ್ತದೆ, ಅಷ್ಟು ಮಾತ್ರ.

ಪಕ್ಕದ ಮನೆ ಅಕ್ಕನ ಗಂಜಿ ತೆಳಿಗೆ ನಾನು ಮೊದಲ ಎರಡು ಮೂರು ದಿನಕ್ಕೆ ಫುಲ್ ಮಾರ್ಕ್ಸ್ ಕೊಡ್ತೇನೆ. ವಾಂತಿ ನಿಂತಿದೆ, ಜ್ವರ ಈಗಷ್ಟೇ ಬಿಟ್ಟಿದೆ, ಮೈಯಲ್ಲಿ ನೀರಿಲ್ಲ, ಅವಾಗ ಉಪ್ಪು ಹಾಕಿದ ಬೆಚ್ಚಗಿನ ತೆಳಿಗಿಂತ ಹಿತ ಬೇರೆ ಇಲ್ಲ, ಹಾಲಿನ ಮಾಲ್ಟ್ ಆ ಹೊತ್ತಿಗೆ ಭಾರ. ಭೇದಿ ಆಗಿದ್ರಂತೂ ಕೆಲವರಿಗೆ ಒಂದಷ್ಟು ದಿನ ಹಾಲು ಜೀರ್ಣವೇ ಆಗುವುದಿಲ್ಲ. ಕುಚ್ಚಲಕ್ಕಿಯನ್ನು ಭತ್ತ ಇರುವಾಗ್ಲೇ ಬೇಯಿಸಿ ಒಣಗಿಸುವ ಕಾರಣ ತೌಡಿನ ಬಿ ವಿಟಮಿನ್ನು ಒಂದಷ್ಟು ಅಕ್ಕಿಯೊಳಗೇ ಇಳಿದಿರ್ತದೆ, ಬೆಳ್ತಿಗೆ ಅಕ್ಕಿಗಿಂತ (ಬಿಳಿ ಅಕ್ಕಿ) ಅದು ಒಳ್ಳೆದು. ಆಯುರ್ವೇದದಲ್ಲೂ ಮೊದಲು ಮಂಡ, ಆಮೇಲೆ ಪೇಯ, ಆಮೇಲೆ ವಿಲೇಪಿ ಅಂತ ತೆಳುವಿಂದ ಗಟ್ಟಿಗೆ ಮೆಟ್ಟಿಲು ಇಟ್ಟದ್ದು ಇದಕ್ಕೇ, ಹೊದ್ಲಿನ (ಭತ್ತದ ಅರಳಿನ) ಗಂಜಿಯೂ ಆ ಲೆಕ್ಕದ್ದೇ. ಆದ್ರೆ ನಮ್ಮವರು ಮೊದಲನೇ ಮೆಟ್ಟಿಲಲ್ಲೇ ಕೂತು ಬಿಡ್ತಾರೆ. ತೆಳಿಯಲ್ಲಿ ಇರುವುದು ಹೆಚ್ಚಾಗಿ ನೀರೇ, ವಾರಗಟ್ಟಲೆ ಅದನ್ನೇ ಕೊಟ್ರೆ ಇದ್ದ ಮಾಂಸವೂ ಕರಗಿ ಹೋಗ್ತದೆ. ನನ್ನ ಮಾವನಿಗೆ ಟೈಫಾಯ್ಡ್ ಆದಾಗ ಪಥ್ಯ ಪಥ್ಯ ಅಂತ ಹದಿನೈದು ದಿನ ತೆಳಿ ಮತ್ತು ಬ್ರೆಡ್ಡಿನಲ್ಲಿ ಇಟ್ಟು, ಮನುಷ್ಯ ಎದ್ದು ನಿಂತಾಗ ಲುಂಗಿ ನಿಲ್ತಿರಲಿಲ್ಲ.

ಕೂವೆ ಹುಡಿ ಹೊಟ್ಟೆ ಕೆಟ್ಟವರಿಗೆ. ಅದು ಗಡ್ಡೆಯಿಂದ ತೆಗೆದ ಪಿಷ್ಟ, ಪ್ರೋಟೀನು ಇಲ್ಲವೇ ಇಲ್ಲ ಅನ್ನಬಹುದು, ಮಜ್ಜಿಗೆಯಲ್ಲೋ ನೀರಲ್ಲೋ ಕಾಯಿಸಿ ಒಂದೆರಡು ದಿನ ಕೊಟ್ಟು ಹೊಟ್ಟೆ ನಿಂತ ಮೇಲೆ ಬಿಟ್ಟುಬಿಡುವುದು. ಅಂಗಡಿಯಲ್ಲಿ ಕೂವೆ ಅಂತ ಕೊಡುವುದರಲ್ಲಿ ಮರಗೆಣಸಿನ ಹುಡಿ, ಜೋಳದ ಹುಡಿ ಸೇರುವುದು ಇದ್ದದ್ದೇ, ಗುರ್ತದವರ ಮನೆಯದ್ದು ಸಿಕ್ಕಿದ್ರೆ ಬಿಡ್ಬೇಡಿ.

ಇನ್ನು ನನ್ನ ದೊಡ್ಡ ತಪ್ಪು. ಮನೆಯದ್ದು, ನ್ಯಾಚುರಲ್ಲು, ಬೆಲ್ಲವೂ ಒಂಚೂರು ಮಾತ್ರ ಅಂತ ಧೈರ್ಯ ಮಾಡಿ ಅಮ್ಮನಿಗೆ ದಿನಕ್ಕೆ ಮೂರು ಗ್ಲಾಸ್ ಮೊಳಕೆ ರಾಗಿ ಮಾಲ್ಟ್ ಕೊಟ್ಟೆ, ನಾಲ್ಕನೇ ದಿನ ಶುಗರ್ ನೋಡಿದ್ರೆ ತಿಂದ ಮೇಲಿನದ್ದು 290. ರಾಗಿ ಶುಗರಿಗೆ ಒಳ್ಳೆದು ಅಂತ ಎಲ್ಲರೂ ಹೇಳ್ತಾರಲ್ಲ ಅಂತ ನಾನು ಡಾಕ್ಟ್ರ ಹತ್ರ ವಾದ ಮಾಡಿದ್ದಕ್ಕೆ ಅವರು ನಗಾಡಿ "ರಾಗಿ ಇರಬಹುದು, ನೀವು ಅದನ್ನು ಮೊದಲೇ ಅರ್ಧ ಜೀರ್ಣ ಮಾಡಿ ಕೊಡ್ತಾ ಇದ್ದೀರಲ್ಲ" ಅಂದ್ರು. ಸರಿಯೇ, ಪಿಷ್ಟ ಒಡೆದು ಮಾಲ್ಟೋಸ್ ಆಗಿದೆ, ಅದು ಸಾದಾ ಸಕ್ಕರೆಗಿಂತಲೂ ಬೇಗ ರಕ್ತಕ್ಕೆ ಏರುವಂಥದ್ದು, ಯಾವ ಗುಣಕ್ಕೆ ಅದನ್ನು ಕೊಡ್ತೇವೋ ಅದೇ ಗುಣ ಶುಗರಿನವರಿಗೆ ತೊಂದ್ರೆ. ಬಾಟ್ಲಿದ್ದಾದ್ರೂ ಮನೆಯದ್ದಾದ್ರೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ. ಆಮೇಲೆ ನಾವು ಬೆಲ್ಲ ಪೂರ್ತಿ ಬಿಟ್ಟು, ದಿನಕ್ಕೆ ಒಂದೇ ಸಲ, ಸಾದಾ ರಾಗಿ ಹಿಟ್ಟಿಗೆ ಬರೀ ಒಂದು ಚಮಚ ಮೊಳಕೆ ಹುಡಿ ಹಾಕಿ ಮಜ್ಜಿಗೆ ಉಪ್ಪು ಸೇರಿಸಿ ಕೊಟ್ಟದ್ದು, ಜೊತೆಗೆ ಹೆಸರು ಬೇಳೆ ತೊವ್ವೆ, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರು ತೊವ್ವೆಯನ್ನೇ ಹೆಚ್ಚು ಮಾಡಿ. ಕಿಡ್ನಿ ತೊಂದ್ರೆ ಇದ್ದವರು ಇದ್ರೆ ಇದ್ಯಾವುದನ್ನೂ ನನ್ನ ಮಾತು ಕೇಳಿ ಶುರು ಮಾಡ್ಬೇಡಿ, ಡಾಕ್ಟ್ರ ಹತ್ರ ಕೇಳಿ. ಆರು ತಿಂಗಳೊಳಗಿನ ಮಗುವಿಗೆ ಅಮ್ಮನ ಹಾಲೇ, ಯಾವ ಮಾಲ್ಟೂ ಬೇಡ.

ಮಾಲ್ಟ್ ಒಂದೇ ಸಾಕು ಅಂದುಕೊಳ್ಳುವವರಿಗೆ ಒಂದು ಹಳೇ ಕಥೆ ಉಂಟು. 1768ರಲ್ಲಿ ಹೊರಟ ಇಂಗ್ಲೆಂಡಿನ ಸಮುದ್ರಯಾನಿ ಕ್ಯಾಪ್ಟನ್ ಕುಕ್ ತನ್ನ ಹಡಗಿಗೆ ಚೀಲಗಟ್ಟಲೆ ಮಾಲ್ಟ್ ತುಂಬಿಸಿಕೊಂಡಿದ್ದ, ನಾವಿಕರಿಗೆ ಬರುವ ಸ್ಕರ್ವಿಗೆ ಅದರ ಕಷಾಯ ಮದ್ದು ಅಂತ ಆಗಿನವರ ನಂಬಿಕೆ, ಕುಕ್ ಅದನ್ನು ಹೊಗಳಿಯೂ ಬಿಟ್ಟ. ಸ್ಕರ್ವಿ ಬರುವುದು ವಿಟಮಿನ್ ಸಿ ಇಲ್ಲದೆ, ಒಣಗಿಸಿದ ಮಾಲ್ಟಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಅವರನ್ನು ಕಾಪಾಡಿದ್ದು ದಡ ಸಿಕ್ಕಿದಲ್ಲೆಲ್ಲ ತಿನ್ನಿಸಿದ ಹಸಿ ಸೊಪ್ಪು ಹಣ್ಣು. ಹಾಗಾಗಿ ಯಾವ ಮಾಲ್ಟ್ ಕೊಟ್ರೂ ಪಕ್ಕದಲ್ಲಿ ನೆಲ್ಲಿಕಾಯಿ ತಂಬುಳಿಯೋ, ಲಿಂಬೆ ಶರಬತ್ತೋ ಇರ್ಲಿ, ರಾಗಿಯ ಕಬ್ಬಿಣ ಮೈಗೆ ಹಿಡಿಲಿಕ್ಕೂ ಅದು ಬೇಕು.

ಈಗ ಯಾರಾದ್ರೂ ಫೋನು ಮಾಡಿ ಎಂತ ಕೊಡುವುದು ಅಂತ ಕೇಳಿದ್ರೆ ನಾನು ತಿರುಗಿ ಕೇಳುವುದು ಮೂರೇ, ಜ್ವರ ಬಿಟ್ಟು ಎಷ್ಟು ದಿನ ಆಯ್ತು, ಹೊಟ್ಟೆ ಹೇಗುಂಟು, ಶುಗರ್ ಉಂಟಾ. ಎರಡು ದಿನ ಅಂದ್ರೆ ತೆಳಿ, ಹೊಟ್ಟೆ ಸರಿ ಇಲ್ಲ ಅಂದ್ರೆ ಕೂವೆ, ಹೊಟ್ಟೆ ಸರಿ ಉಂಟು ಬಾಯಿಗೆ ಮಾತ್ರ ಸೇರುವುದಿಲ್ಲ ಅಂದ್ರೆ ಮೊಳಕೆ ರಾಗಿ ಅಥವಾ ಮೊಳಕೆ ಹಾಕಿದ ಗಂಜಿ, ಮನೆಯಲ್ಲಿ ಮಾಡುವ ಜನ ಇಲ್ಲ, ಶುಗರೂ ಇಲ್ಲ ಅಂದ್ರೆ ಧಾರಾಳ ಹಾರ್ಲಿಕ್ಸ್, ಹಾಲಲ್ಲಿ. ಸರಿಯಾಗಿ ಊಟ ಮಾಡ್ತಾರೆ ಅಂದ್ರೆ ಇದ್ಯಾವುದೂ ಬೇಡ, ಅನ್ನ, ಬಂಗುಡೆ ಸಾರು, ಇಲ್ಲದಿದ್ರೆ ತೊವ್ವೆ, ಪಲ್ಯ. ತಮ್ಮನ ಪ್ರೋಟೀನ್ ಡಬ್ಬಿಯನ್ನು ಅಮ್ಮ ಒಂದು ಸಲ ಮೂಸಿ ಮುಚ್ಚಿಟ್ಟವರು ಆಮೇಲೆ ತೆರೆಯಲೇ ಇಲ್ಲ.

ಏಳು ಬಾಟ್ಲಿಯಲ್ಲಿ ಮೂರನ್ನು ಮಕ್ಕಳು ಹಾಲಿಲ್ಲದೆ ಬರೀ ಚಮಚದಲ್ಲಿ ತಿಂದು ಮುಗಿಸಿದ್ರು, ಎರಡು ಬೇರೆ ಕಾಯಿಲೆಯವರನ್ನು ನೋಡ್ಲಿಕ್ಕೆ ಹೋಗುವಾಗ ನಾವೇ ತಗೊಂಡು ಹೋದದ್ದು, ಇನ್ನೆರಡು ಈಗ್ಲೂ ಉಂಟು. ಖಾಲಿ ಬಾಟ್ಲಿ ತೊಳೆದು ಒಣಗಿಸಿ ಈ ಏಪ್ರಿಲಲ್ಲಿ ಮಾಡಿದ ಮೊಳಕೆ ರಾಗಿ ಹುಡಿ ತುಂಬಿಸಿ ಫ್ರಿಜ್ಜಲ್ಲಿ ಇಟ್ಟಿದ್ದೇನೆ, ಹೊರಗಿಟ್ರೆ ನಮ್ಮ ಹವೆಗೆ ತಿಂಗಳೊಳಗೆ ಹುಳ ಬರ್ತದೆ. ಮೊನ್ನೆ ನೋಡುವಾಗ ಒಂದು ಬಾಟ್ಲಿ ಅರ್ಧ ಆಗಿತ್ತು, ಅಮ್ಮ ದೋಸೆ ಹಿಟ್ಟಿಗೆ ಹಾಕಿದ್ರಂತೆ.